ಅಣ್ಣನ ಹೆಸರಲ್ಲಿ ಸತ್ತವನು

ಧರ್ಮಪುರಿಯ ವಕೀಲ ಶಿವರಾಮನ್ ಮನೆಯ ಮೆಟ್ಟಿಲ ಹತ್ತಿರ ಜವರಪ್ಪ ನಿಂತುಬಿಟ್ಟ. "ಇನ್ನೊಂದ್ ಸಲ ಯೋಚ್ನೆ ಮಾಡ್ ಕುಪ್ಪಮ್ಮ. ಒಳಿಕ್ ಹೋದ್ರೆ ನಿಂಗೆ ಪರಿಹಾರಾನೂ ಇಲ್ಲ, ನಂಗೆ ಕೆಲ್ಸಾನೂ ಇಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಸೇಲಂ ಕಡೆಯ ಬಿಳಿಕಲ್ಲು ಗಣಿಯಲ್ಲಿ ಕೆಲಸ ಇದ್ದದ್ದು ಜವರಪ್ಪನ ಹೆಸರಿಗೆ. ಹೋಗುತ್ತಿದ್ದವರು ಮಾತ್ರ ಅಣ್ಣ ತಮ್ಮ ಇಬ್ಬರೂ. ಒಂದು ವಾರ ಒಬ್ಬ ಕುರಿಯ ಹಿಂದೆ ಹೋದರೆ ಇನ್ನೊಬ್ಬ ಗಣಿಗೆ. ಹಾಜರಿ ಕೂಗಿದಾಗ ಯಾರಿದ್ದರೆ ಅವರು ಓಗೊಡುವುದು. ಮೇಸ್ತ್ರಿಗೆ ಗೊತ್ತಿತ್ತು. ಸಾಹೇಬರ ಕಣ್ಣಿಗೆ ಕುರಿ ಕಾಯುವವರ ಮುಖವೆಲ್ಲ ಒಂದೇ.

ಬಂಡೆ ಉರುಳಿ ಸತ್ತವನು ತಮ್ಮ ಚಿಕ್ಕಮುನಿಯಪ್ಪ, ಕುಪ್ಪಮ್ಮನ ಗಂಡ. ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ ಹೆದರಿದ ಮನೆಯವರು ಜವರಪ್ಪ ಎಂದೇ ಹೇಳಿಬಿಟ್ಟಿದ್ದರು. ಸಾಹೇಬರ ಎದುರು ಹೆಣದ ಮೇಲೆ ಬಿದ್ದು ಅತ್ತವಳು ಜವರಪ್ಪನ ಹೆಂಡತಿ ಸಿದ್ದಲಕ್ಷ್ಮಮ್ಮ. ಕುಪ್ಪಮ್ಮ ಕೈತುಂಬ ಬಳೆ ಇಟ್ಟುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿದ್ದಳು. ಯಾವ ಹೆಣ್ಣಿಗೂ ಬೇಡಪ್ಪ ಆ ಪಾಡು.

ಮೇಸ್ತ್ರಿ ಮನೆಗೇ ಬಂದು ಬುದ್ಧಿ ಹೇಳಿದ್ದ. ವಕೀಲರ ಸಹವಾಸ ಬೇಡ. ಸಿದ್ದಲಕ್ಷ್ಮಮ್ಮ ತಾಳಿ ತೆಗೆದು ಬಂದು ಹೆಬ್ಬೆಟ್ಟು ಒತ್ತಲಿ, ಪರಿಹಾರ ಕೈಗೆ ಬರುತ್ತದೆ. ಜವರಪ್ಪನಿಗೂ ಕೆಲಸ ಉಂಟು, ಇನ್ನು ಮೇಲೆ ಅವನು ಚಿಕ್ಕಮುನಿಯಪ್ಪ ಎಂದು ಬರಬೇಕು, ಅಷ್ಟೆ. ವಕೀಲರು ಹೇಳಿ ಕಳಿಸಿದ್ದೇ ಬೇರೆ: ನಿಜ ಹೇಳುವುದಾದರೆ ಕೇಸು ಹಿಡಿಯುತ್ತೇನೆ, ಆದರೆ ಇಂಥವನು ನಮ್ಮಲ್ಲಿ ಇರಲೇ ಇಲ್ಲ ಎಂದು ಗಣಿಯವರು ವಾದಿಸುತ್ತಾರೆ, ಗೆಲ್ಲಿಸುತ್ತೇನೆಂದು ಮಾತು ಕೊಡಲಾರೆ.

ಮೆಟ್ಟಿಲ ಹತ್ತಿರ ಜೊತೆಗೇ ನಿಂತಿದ್ದ ಸಿದ್ದಲಕ್ಷ್ಮಮ್ಮ ಕೊರಳಿನ ತಾಳಿಗೆ ಕೈ ಹಾಕಿದಳು. "ತೆಗೀತೀನಿ ಕಣೆ. ನಿನ್ ಮಕ್ಳು ಉಪಾಸ ಬೀಳ್ಬಾರ್ದು."

ಕುಪ್ಪಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಅಕ್ಕನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಬಾವನ ಮೇಲೂ ಇರಲಿಲ್ಲ.

"ದಿನಾ ಬೆಳಿಗ್ಗೆ ಅವ್ರ ಹೆಸ್ರು ಕೂಗ್ದಾಗ ನೀವ್ ಓ ಅಂದ್ರೆ, ನಾನ್ ಯಾರ್ ಹೆಂಡ್ರು ಬಾವ?"

ಕುಪ್ಪಮ್ಮ ಮೆಟ್ಟಿಲು ಹತ್ತಿದಳು, ಅವರಿಬ್ಬರೂ ಹಿಂದೆ ಬಂದರು.

ಸತ್ತವರ ಹೆಸರೇನೆಂದು ಶಿವರಾಮನ್ ತಮಿಳಿನಲ್ಲಿ ಕೇಳಿದರು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಂಬಿದ ಜನ ಅವರು. ಅದಕ್ಕೇ ಜವರಪ್ಪ ತಾನೇ ಹೇಳಲು ಬಾಯಿ ತೆರೆದ. ಕುಪ್ಪಮ್ಮ ಬೇಡವೆಂದು ಕೈ ಅಡ್ಡ ಹಿಡಿದಳು.

"ಚಿಕ್ಕಮುನಿಯಪ್ಪ" ಎಂದಳು. ವಕೀಲರಿಗೆ ಕೇಳಿಸಿತೋ ಇಲ್ಲವೋ ಎಂದು, ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.