ಜಯದೇವಿಯನ್ನು ಗೆಲ್ಲಿಸಿದವನು

ಬಾಗಿಲು ತೆರೆದುಕೊಂಡಾಗ ಸುಹಾಸ್ ಮೊದಲು ಹೇಳಬೇಕೆಂದುಕೊಂಡಿದ್ದ ಮಾತೇ ಬೇರೆ. ಬಾಯಿಂದ ಬಂದದ್ದು ಬೇರೆ.

“ಕಂಗ್ರಾಟ್ಸ್.”

“ಇಷ್ಟು ಹೇಳಾಕ ಡಾಲಸ್‌ನಿಂದ ಮೂರು ತಾಸು ಡ್ರೈವ್ ಮಾಡಿದ್ರೇನು?” ಜಯದೇವಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. “ಬರ್ರಿ. ನಮ್ಮ ಮನಿಯವರು ಭಾವನ ಮನಿಗೆ ಹೋಗ್ಯಾರ, ಗೆದ್ದ ಊಟಕ್ಕ. ನೀವು ಈ ಕಡೆ ಬಂದ್ರಿ, ಅವರು ಆ ಕಡೆ ಹೋದ್ರು.”

“ನೀವು ಹೋಗಲಿಲ್ವಾ?”

“ತಲಿ ನೋವು.”

ಆಸ್ಟಿನ್ ಬಳಿಯ ಲಿಯಾಂಡರ್‌ನ ಆ ಮನೆಯ ಸೋಫಾದ ತುದಿಯಲ್ಲಿ ಅವನು ಕುಳಿತ. ಆಕೆ ಚಹಾಕ್ಕೆ ನೀರಿಟ್ಟಳು.

ಫಲಿತಾಂಶ ಬಂದು ಇನ್ನೂ ಒಂದು ದಿನವಾಗಿರಲಿಲ್ಲ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿಗೆ ಸೇರಿದ ಕನ್ನಡ ಒಕ್ಕೂಟದ ಚುನಾವಣೆ ಅದು. ಈ ದೇಶದ ದೊಡ್ಡ ಚುನಾವಣೆಯ ರೀತಿಯಲ್ಲೇ ಅಧ್ಯಕ್ಷ, ಉಪಾಧ್ಯಕ್ಷ ಜೋಡಿಯಾಗಿ ನಿಲ್ಲಬೇಕು. ಜೋಡಿಗೆ ಒಂದೇ ಮತ. 2014ರ ರಾಜ್ಯೋತ್ಸವದ ವೇದಿಕೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಡಾಲಸ್‌ನ ಉದ್ಯಮಿ ಚಿದಾನಂದ್ ತಮ್ಮ ಜೋಡಿಯನ್ನು ಘೋಷಿಸಲು ಮೈಕ್ ಹಿಡಿದಾಗ ಎಲ್ಲರೂ ಶ್ಯಾಮಸುಂದರರತ್ತ ತಿರುಗಿದ್ದರು. ಹತ್ತು ವರ್ಷ ಒಕ್ಕೂಟಕ್ಕೆ ದುಡಿದವರು ಅವರು. ಚಿದಾನಂದ್ ಹೇಳಿದ್ದು ತಮ್ಮನಾದ ದಾನಪ್ಪನ ಹೆಂಡತಿ ಜಯದೇವಿಯ ಹೆಸರು. ಆಕೆ ಆಗ ಊಟದ ಸಾಲಿನಲ್ಲಿ ಸಾರು ಬಡಿಸುತ್ತಿದ್ದಳು. ಚಪ್ಪಾಳೆ ನಿಂತ ಮೇಲೂ ಸೌಟು ಹಿಡಿದೇ ನಿಂತಿದ್ದಳು.

ಸುಹಾಸ್ ಎದುರು ಪಾಳಯದವನು. ಚಿದಾನಂದರ ವಿರುದ್ಧ ನಿಂತಿದ್ದ, ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನ ರಾಜಗೋಪಾಲ ಅಂಕಲ್ ಗೆಲ್ಲಲೆಂದು ‘ಮೂರೂರ ಮಾತು’ ಎಂಬ ಬ್ಲಾಗನ್ನು ಹೆಸರು ಹಾಕದೆ ಬರೆಯುತ್ತಿದ್ದ. ಘೋಷಣೆಯಾದ ಮೂರನೇ ದಿನ ಬ್ಲಾಗಿಗೆ ಒಂದು ಮೇಲ್ ಬಂತು. ಕೆಳಗೆ ‘ಹಿತೈಷಿ’ ಎಂದಷ್ಟೇ ಇತ್ತು. ಜಯದೇವಿ ನಾಲ್ಕು ವರ್ಷದಲ್ಲಿ ಎಷ್ಟು ಸಭೆಗೆ ಬಂದಿದ್ದಾರೆ, ಎಣಿಸಿ ನೋಡಿ.

ಎಣಿಸಿದ. ಎರಡು.

ಆಮೇಲೆ ವಾರಕ್ಕೆರಡು ಬಂದವು. ನಾಟಕದ ತಾಲೀಮನ್ನು ಅರ್ಧಕ್ಕೆ ಬಿಟ್ಟದ್ದು. ಅಡುಗೆ ಸಮಿತಿಗೆ ಒಪ್ಪಿಕೊಂಡು ಕೈಕೊಟ್ಟದ್ದು. ಒಂದೂ ಸುಳ್ಳಾಗಿರಲಿಲ್ಲ. ಒಂದರಲ್ಲೂ ಬೈಗುಳವಿರಲಿಲ್ಲ. ಈಕೆಗೆ ಬಿಡುವಿಲ್ಲ, ಈಕೆ ಬೇಡ, ಅಷ್ಟೇ. ಉಪ್ಪುಖಾರ ಹಚ್ಚಿದವನು ಸುಹಾಸ್. ‘ಬಿಡುವಿಲ್ಲದ ಮಹಾರಾಣಿ’ ಎಂದು ಹೆಸರಿಟ್ಟವನೂ ಅವನೇ.

ಹೆಸರು ಅಂಟಿಕೊಂಡಿತು. ಚಿದಾನಂದರ ಪರವಾಗಿ ಬ್ಲಾಗ್ ಬರೆಯುತ್ತಿದ್ದ ಅಮರ್ ಆಕೆಯನ್ನು ‘ಮೌನ ಸಾಧಕಿ’ ಎಂದು ಹೊಗಳಿದಷ್ಟೂ ಜನ ನಕ್ಕರು. ಡಿಸೆಂಬರ್‌ನಲ್ಲಿ ಆಸ್ಟಿನ್‌ನ ಒಂದು ಊಟದ ಕೂಟದಲ್ಲಿ ಜಯದೇವಿಯ ಎರಡೂ ಬದಿಯ ಕುರ್ಚಿ ಖಾಲಿಯಿದ್ದವು. “ಮಹಾರಾಣಿ ಪಕ್ಕ ನಮ್ಮಂಥೋರು ಕೂರಬಹುದೇನ್ರಮ್ಮಾ?” ಎಂದು ಸರೋಜಾ ಆಂಟಿ ಆಕೆಗೆ ಕೇಳಿಸುವಂತೆಯೇ ಅಂದರು. ತಟ್ಟೆ ಹಿಡಿದು ನಿಂತಿದ್ದ ಸುಹಾಸ್ ಬೇರೆ ಮೇಜಿಗೆ ಹೋದ. ಆಕೆಯ ಮಗಳು ಐಶ್ವರ್ಯಾ ಮಕ್ಕಳ ಗುಂಪಿನಿಂದ ಎದ್ದು, ತನ್ನ ತಟ್ಟೆ ತಂದು ಅಮ್ಮನ ಪಕ್ಕ ಕುಳಿತಳು. ಅವನ ಮಗಳಷ್ಟೇ ವಯಸ್ಸು. ಅವನು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮತದಾನಕ್ಕೆ ಎರಡು ದಿನವಿದ್ದಾಗ ಅವನು ಕ್ಷಮೆ ಕೇಳಿ ಬರೆದ. ಮನೆ, ಕೆಲಸ, ಮಗು ಮೂರನ್ನೂ ಹೊತ್ತವಳನ್ನು ಸಭೆಗೆ ಬರಲಿಲ್ಲವೆಂದು ಆಡಿಕೊಂಡೆ, ನಾಚಿಕೆಯಾಗುತ್ತಿದೆ, ನನ್ನ ಮತ ಆಕೆಯ ಜೋಡಿಗೆ. ಅಮರ್ ಅದನ್ನು ಮೂರೂ ಊರಿಗೆ ಹಂಚಿದ. ಸ್ವಂತ ಕಡೆಯವನ ಹೊಗಳಿಕೆಯನ್ನು ನಂಬದಿದ್ದ ಜನ ಎದುರಾಳಿಯ ಕ್ಷಮೆಯನ್ನು ನಂಬಿದರು. ಅರವತ್ತೊಂದು ಮತದ ಗೆಲುವು.

“ಕೊನೇ ಓವರಲ್ಲಿ ನಮ್ಮ ವಿಕೆಟ್ ನೀನೇ ಕಿತ್ತೆಯಲ್ಲೋ,” ಎಂದು ರಾಜಗೋಪಾಲ ಅಂಕಲ್ ಫೋನ್ ಇಟ್ಟರು.

ಅದು ಸುಹಾಸ್‌ಗೆ ತಟ್ಟಲಿಲ್ಲ. ಹೆಸರು ಮರೆಮಾಚಿ ಕೇಳಿದ ಕ್ಷಮೆ ಅರ್ಧ ಕ್ಷಮೆ ಎಂಬುದಷ್ಟೇ ಕೊರೆಯುತ್ತಿತ್ತು. ಉಳಿದರ್ಧಕ್ಕೇ ಅವನು ಬಂದಿದ್ದ.

ಚಹಾ ಮುಂದೆ ಬಂತು. ಅವನು ಮುಟ್ಟಲಿಲ್ಲ.

“ಜಯದೇವಿಯವರೇ, ‘ಮೂರೂರ ಮಾತು’ ಬರೆಯೋನು ನಾನೇ.”

“ನೀವೇನ್ರಿ? ನಾ ಶ್ಯಾಮಸುಂದರ ಅವರು ಅನ್ಕೊಂಡಿದ್ದೆ.”

“ಮಹಾರಾಣಿ ಅಂದದ್ದೂ ನಾನೇ. ಅವತ್ತು ನಿಮ್ಮ ಪಕ್ಕ ಕೂರದೆ ಹೋದದ್ದೂ ನಾನೇ.”

“ಆ ಹೆಸರೊಂದು ಜಾಸ್ತಿ ಆತು ನೋಡ್ರಿ. ಐಶು ಅತ್ಲು.”

ಅವನು ತಲೆ ತಗ್ಗಿಸಿದ. “ಯಾರೋ ಹೆಸರಿಲ್ಲದೆ ಮೇಲ್ ಕಳಿಸೋರು. ಅದನ್ನ ಹಿಡ್ಕೊಂಡು ಬರೆದುಬಿಟ್ಟೆ.”

“ಅದರಾಗ ಸುಳ್ಳೇನಿತ್ತರಿ?”

“ಸುಳ್ಳಿರಲಿಲ್ಲ. ಆದ್ರೂ...”

“ಮತ್ಯಾಕ ಹಿಂದ ತಗೊಂಡ್ರಿ?”

ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನನ್ನು ಇನ್ನಷ್ಟು ಕುಗ್ಗಿಸಿತು. “ನಿಮ್ಮ ಮರ್ಯಾದೆ ಕಳೆದಿದ್ದೆ. ವಾಪಸ್ ಕೊಡಬೇಕು ಅನ್ನಿಸ್ತು.”

ಜಯದೇವಿ ಕಿಟಕಿಯ ಕಡೆ ತಿರುಗಿದಳು. “ಜನವರಿಗೆ ನರ್ಸಿಂಗ್ ಸೇರೋಳಿದ್ದೆ. ಕ್ಲಾಸು ಶನಿವಾರ, ಭಾನುವಾರ. ಹನ್ನೊಂದು ವರ್ಷಕ್ಕ ಸಿಕ್ಕ ಸೀಟು. ಬ್ಯಾಡ ಅಂತ ಇವತ್ತು ಮುಂಜಾನೆ ಬರದು ಕಳಿಸಿದೆ. ಒಕ್ಕೂಟದ ಕೆಲಸ ಅಂದ್ರ ಎರಡು ವರ್ಷ ಎಲ್ಲಾ ಶನಿವಾರ, ಎಲ್ಲಾ ಭಾನುವಾರ.”

“ಆಗಲ್ಲ ಅಂತ ಚಿದಾನಂದ್ ಅವರಿಗೆ ಮೊದಲೇ ಹೇಳಬಹುದಿತ್ತಲ್ಲ?”

“ಹೆಂಗ್ರಿ? ನಮ್ಮವರು ದುಡಿಯೂದು ಭಾವನ ಕಂಪನ್ಯಾಗ. ನಾವಿರೂದು ಭಾವ ಕೊಡಿಸಿದ ಮನ್ಯಾಗ. ಅಷ್ಟು ಮಂದಿ ಎದುರು ಅವರು ಹೆಸರು ಕೂಗಿದ ಮ್ಯಾಲ ನಾ ಒಲ್ಲೆ ಅನ್ನಾಕ ಬರತೈತೇನು?”

ಆಕೆ ಎದ್ದು, ತಣ್ಣಗಾದ ಲೋಟವನ್ನು ಅವನ ಮುಂದಿನಿಂದ ತೆಗೆದುಕೊಂಡಳು.

“ಸೋಲಬೇಕಂತನ ನಿಮಗ ಅಷ್ಟು ಮೇಲ್ ಕಳಿಸಿದ್ದೆನಲ್ರಿ. ಸಾಲಲಿಲ್ಲೇನು?”