ನಾಲ್ಕು ನೂರು ಅಡಿ

"ಶಂಕರ ಅನ್ನಬೇಡಿ. ಮಹದೇವು ಅನ್ನಿ," ಎಂದಳು ನಿರ್ದೇಶಕಿ ಅಂಬುಜಮ್ಮ.

ಪೋಸ್ಟ್‌ಮ್ಯಾನ್ ಸದಾಶಿವಯ್ಯ ಅವಳು ತನ್ನ ಕೈಗೆ ಕೊಟ್ಟ ತಂತಿಯ ಕಾಗದವನ್ನು ನೋಡಿದ. ಶಂಕರ ಸಿನಿಮಾದೊಳಗಿನ ಸೈನಿಕ. ಮಹದೇವು, ಆ ಸೈನಿಕನ ತಾಯಿಯ ಪಾತ್ರ ಮಾಡುತ್ತಿದ್ದ ಬೆಟ್ಟಮ್ಮನ ಸ್ವಂತ ಮಗ. ಅವನೂ ಸೈನಿಕನೇ. ಅರವತ್ತೆರಡರ ನವೆಂಬರ್, ಗಡಿಯಲ್ಲಿ ಯುದ್ಧ.

"ಆ ತಾಯಿ ಮುಂದೆ ಮತ್ತೆ ಮತ್ತೆ ಅದೇ ಮಾತು ಹೇಳೋಕೆ ನನ್ನ ಕೈಲಾಗಲ್ಲ ಅಮ್ಮಾವ್ರೇ."

"ಮತ್ತೆ ಮತ್ತೆ ಎಲ್ಲಿಂದ ಬಂತು? ನನ್ನ ಹತ್ರ ಉಳಿದಿರೋದೇ ನಾಲ್ಕು ನೂರು ಅಡಿ ಫಿಲ್ಮು. ಒಂದೇ ಟೇಕು. ಹೆಸರನ್ನ ಡಬ್ಬಿಂಗಿನಲ್ಲಿ ಬದಲಾಯಿಸ್ಕೋತೀನಿ."

"ಒಂದು ಮಾತು ಹೇಳಬೇಕಿತ್ತು..."

"ಡ್ಯೂಟಿ ಹೊತ್ತಲ್ಲಿ ಸಿನಿಮಾಗೆ ಬಣ್ಣ ಹಚ್ಕೋತಾರೆ ಅಂತ ಪೋಸ್ಟ್‌ಮಾಸ್ಟರಿಗೆ ನಾನೂ ಒಂದು ಮಾತು ಹೇಳಬಹುದು."

ಸದಾಶಿವಯ್ಯ ಕಾಗದ ಮಡಿಸಿಕೊಂಡು ಬಾಗಿಲಾಚೆ ಹೋದ.

ಬುಧವಾರ ಇದೇ ದೃಶ್ಯವನ್ನು ಇವನನ್ನೇ ನಿಲ್ಲಿಸಿ ಮೂರು ಸಲ ತೆಗೆದಿದ್ದಾಗಿತ್ತು. ಮೂರು ಸಲವೂ ಬೆಟ್ಟಮ್ಮ ಎದೆ ಬಡಿದುಕೊಂಡು, ಮೂವತ್ತು ವರ್ಷ ನಾಟಕದ ಕಂಪನಿಯಲ್ಲಿ ಅತ್ತಂತೆಯೇ ಅತ್ತಳು. ಕೊನೆಯ ಬೆಂಚಿನವರಿಗೂ ಕೇಳಿಸುವ ಅಳು. ಕ್ಯಾಮೆರಾದ ಮುಂದೆ ಅದು ಬರೀ ಸದ್ದು.

ಅಂಬುಜಮ್ಮ ಹನ್ನೆರಡು ವರ್ಷ ಸ್ಟುಡಿಯೋಗಳಲ್ಲಿ ಕಳೆದಿದ್ದಳು. ಮೊದಲು, ಯಾವ ಶಾಟಿನಲ್ಲಿ ಯಾವ ಬಳೆ, ಸೆರಗು ಯಾವ ಕಡೆ ಎಂದು ಬರೆದಿಡುವ ಕೆಲಸ. ಆಮೇಲೆ ಸಹಾಯಕಿ. ಎರಡು ಚಿತ್ರಗಳನ್ನು ಪೂರ್ತಿ ಅವಳೇ ನಿರ್ದೇಶಿಸಿದ್ದಳು. ಪರದೆಯ ಮೇಲೆ ಮಾತ್ರ ಅವಳ ಗುರುವಿನ ಹೆಸರು ಬಂತು. ಈ ಮೂರನೆಯದು ಅವಳ ಹೆಸರಿನದು. ಸೋಮವಾರ ಸಂಜೆಯೊಳಗೆ ಮುಗಿಯದಿದ್ದರೆ ಬೇರೊಬ್ಬ ಮುಗಿಸುತ್ತಾನೆ, ಹೆಸರೂ ಅವನದೇ ಎಂದು ಪ್ರೊಡ್ಯೂಸರ್ ಹೇಳಿ ಕಳಿಸಿದ್ದ. ಇವತ್ತು ಸೋಮವಾರ.

ಉಪಾಯ ಹೊಳೆದದ್ದು ನಿನ್ನೆ. ತಂತಿಯ ದೃಶ್ಯ ಮಧ್ಯಾಹ್ನಕ್ಕೆ ಎಂದು ಬೆಟ್ಟಮ್ಮನಿಗೆ ಹೇಳಿದ್ದಾಯಿತು. ಈಗ ಬರೀ ಅಕ್ಕಿ ಆರಿಸುವ ಶಾಟು. ಅದರ ನಡುವೆ, ನಿಜವಾದ ಖಾಕಿಯಲ್ಲಿ, ನಿಜವಾದ ಪೋಸ್ಟ್‌ಮ್ಯಾನ್ ಒಳಗೆ ಬರಬೇಕು. ಮಗ ಬರುತ್ತಾನೆಂಬ ಆಸೆ ಆ ಮುಖದಲ್ಲಿ ಒಡೆಯುವುದು ಒಂದೇ ಸಲ. ಆ ಒಂದು ಸಲ ಕ್ಯಾಮೆರಾ ಓಡುತ್ತಿರಬೇಕು.

ಚಿತ್ರೀಕರಣ ಮಂಡಿ ಮೊಹಲ್ಲಾದ ಒಂದು ಹಳೆಯ ತೊಟ್ಟಿಮನೆಯಲ್ಲಿ. ಬೆಟ್ಟಮ್ಮನ ಮನೆ ಎರಡು ಗಲ್ಲಿ ಆಚೆ. ಮೊದಲ ದಿನ ಅವಳು ಅಂಬುಜಮ್ಮನ ಗಲ್ಲ ಹಿಡಿದು, "ಒಂದು ಹೆಂಗಸಿನ ಹೆಸರು ಪರದೆ ಮೇಲೆ ಬರಲಿ ಕಣಮ್ಮ. ನಾನೂ ಕಣ್ತುಂಬ ನೋಡ್ತೀನಿ" ಎಂದಿದ್ದಳು. ಆದರೆ ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ಸಾಕು, ಶಾಟು ಬಿಟ್ಟು, "ನಮ್ಮ ಮಾದೇವು ಕಾಗ್ದ ಬಂತಾ ಸ್ವಾಮಿ?" ಎಂದು ಓಡುತ್ತಿದ್ದಳು. ಇನ್ನೊಮ್ಮೆ ಓಡಿದರೆ ತಾಯಿಯನ್ನೇ ಬದಲಾಯಿಸುತ್ತೇನೆ ಎಂದು ಅಂಬುಜಮ್ಮ ಗದರಿದ ಮೇಲೆ ಆ ಚಾಳಿ ನಿಂತಿತ್ತು.

ಬೇರೆ ಚಾಳಿ ಶುರುವಾಗಿತ್ತು. ಗುರುವಾರ ಊಟಕ್ಕೆ ಮನೆಗೆ ಹೋದವಳು ತಲೆಯಿಂದ ನೀರು ತೊಟ್ಟಿಕ್ಕುತ್ತಾ ಬಂದಳು.

"ಬೆಳಗಿನ ಶಾಟಿನಲ್ಲಿ ಒಣ ತಲೆ, ಈಗ ಒದ್ದೆ! ನೋಡುವವರು ನಗಲ್ವಾ?" ಎಂದು ಅಂಬುಜಮ್ಮ ಕಿರುಚಿದಳು. ಅವಳ ಕಣ್ಣಿನಿಂದ ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

"ಮಹಾರಾಣಿಯವರಿಗೆ ಹಟ್ಟಹಗಲಲ್ಲಿ ಅಭ್ಯಂಜನ ಕಣ್ರೀ," ಎಂದ ಮೇಕಪ್ಪಿನ ಚೆಲುವರಾಜು, ಪೇಪರಿನಿಂದ ಬೀಸಿ ಕೂದಲು ಒಣಗಿಸುತ್ತಾ. ಎಲ್ಲರೂ ನಕ್ಕರು. ಬೆಟ್ಟಮ್ಮ ತಲೆ ಬಗ್ಗಿಸಿ ಕೂದಲು ಹರಡಿದಳು. ಶುಕ್ರವಾರ ಕ್ಯಾಮೆರಾಕ್ಕೆ ಮಂಗಳಾರತಿ ಎತ್ತಿದಾಗ ಬಾಗಿಲಾಚೆಯೇ ನಿಂತಳು, ಕರೆದರೂ ಬರಲಿಲ್ಲ. ಬೈದದ್ದಕ್ಕೆ ಮುನಿಸು, ಇರಲಿ ಎಂದುಕೊಂಡಿದ್ದಳು ಅಂಬುಜಮ್ಮ.

"ರೆಡಿ," ಎಂದ ಕ್ಯಾಮೆರಾದ ದೇವಸಹಾಯಂ.

ಬೆಟ್ಟಮ್ಮ ತೊಟ್ಟಿಯ ಬಿಸಿಲಿನಲ್ಲಿ ಮೊರ ಹಿಡಿದು ಕುಳಿತಳು. ಕ್ಯಾಮೆರಾ ಓಡಿತು. ಅಂಬುಜಮ್ಮ ಕರವಸ್ತ್ರ ಬೀಸಿದಳು.

ಸದಾಶಿವಯ್ಯ ಬಾಗಿಲಲ್ಲಿ ಬಂದು ನಿಂತ. ಹೊಸಿಲು ದಾಟಲು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಬಹಳ ಸಹಜ, ಎಂದುಕೊಂಡಳು ಅಂಬುಜಮ್ಮ.

"ಬೆಟ್ಟಮ್ನೋರೇ... ತಂತಿ. ನಿಮ್ಮ ಮಗ ಮಹದೇವು... ಯುದ್ಧದಲ್ಲಿ ತೀರಿಕೊಂಡರಂತೆ."

ಬೆಟ್ಟಮ್ಮ ಅವನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಅಂಬುಜಮ್ಮ ಅಳುವಿಗಾಗಿ ಕಾದಳು.

ಅಳು ಬರಲಿಲ್ಲ. ಬೆಟ್ಟಮ್ಮ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ಮೊರ ಕೆಳಗಿಟ್ಟು ಎದ್ದಳು. ಕಾಗದ ಇಸಿದುಕೊಂಡು ಕುಪ್ಪಸದೊಳಗೆ ಸಿಕ್ಕಿಸಿದಳು. ಮೂಲೆಯ ಗಡಿಗೆಯಿಂದ ಒಂದು ಚೊಂಬು ನೀರು ಮೊಗೆದು ತಂದಳು.

"ಬಿಸ್ಲಲ್ಲಿ ಬಂದಿದ್ದೀರಿ. ನೀರು ಕುಡೀರಿ."

ಅವನು ಕುಡಿದ. ಅರ್ಧ ನೀರು ಖಾಕಿಯ ಮೇಲೆ ಚೆಲ್ಲಿತು. ಅವನು ಮುಗಿಸುವವರೆಗೂ ನಿಂತಿದ್ದು, ಚೊಂಬು ತೆಗೆದುಕೊಂಡು ಬೋರಲು ಹಾಕಿ, ಅವಳು ಮತ್ತೆ ಮೊರದ ಮುಂದೆ ಕುಳಿತಳು. ಕ್ಯಾಮೆರಾದೊಳಗೆ ಫಿಲ್ಮಿನ ತುದಿ ಪಟಪಟ ಬಡಿಯಿತು.

"ಮುಗೀತು ಮೇಡಂ," ಎಂದ ದೇವಸಹಾಯಂ.

ಅಂಬುಜಮ್ಮ ಧಾವಿಸಿ ಬಂದಳು. ಹನ್ನೆರಡು ವರ್ಷ ನಾಲ್ಕು ನಿಮಿಷದಲ್ಲಿ ಹೋಗಿತ್ತು. "ಈ ಮನುಷ್ಯ ನಿಮಗೆ ಮೊದಲೇ ಹೇಳಿಬಿಟ್ಟಿದ್ದಾನೆ, ಅಲ್ವಾ?"

"ಹೂಂ ಕಣಮ್ಮ."

ಸದಾಶಿವಯ್ಯ ಗೋಡೆಯ ಕಡೆ ತಿರುಗಿ ನಿಂತ.

"ಯಾವಾಗ?"

ಬೆಟ್ಟಮ್ಮ ಕುಪ್ಪಸದೊಳಗೆ ಕೈಹಾಕಿದಳು. ಹೊರಬಂದದ್ದು ಎರಡು ಕಾಗದ. ಒಂದು ಹೊಸದು, ಇನ್ನೊಂದು ನೆನೆದು ಒಣಗಿ, ಮಡಿಕೆಯಲ್ಲಿ ಹರಿದದ್ದು.

"ಗುರುವಾರ ಮಧ್ಯಾಹ್ನ, ನಮ್ಮನೆ ಬಾಗ್ಲಲ್ಲಿ. ನಿಮ್ಮೆಸ್ರಿನ ಪಿಕ್ಚರ್ ನಿಂತೋಗ್ಬುಡುತ್ತೆ, ಯಾರ್ಗೂ ಹೇಳ್ಬೇಡಿ ಸ್ವಾಮಿ ಅಂತ ನಾನೇ ಆಣೆ ಹಾಕುಸ್ಕೊಂಡೆ. ಅವತ್ತೂ ಇವ್ರಿಗೆ ಹಿಂಗೇ ನೀರು ಕೊಟ್ಟೆ."