ಟೋಪಿಯ ಖಾಲಿ ಜಾಗ

ಕ್ಯಾಪ್ಟನ್ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದು, ಟೈಲರಮ್ಮನ ಮೊಮ್ಮಗಳು ಕ್ರಿಕೆಟ್ ಮೈದಾನದ ಬೇಲಿಯ ಮೇಲಿಂದ ಚಾಚಿದ್ದ ಟೋಪಿಗೆ ಕೈ ಹಾಕಿದ. ಅಷ್ಟರಲ್ಲಿ ಟೈಲರಮ್ಮ ತನ್ನ ಟೋಪಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಜ್ಜೀ, ಏನ್ ಮಾಡ್ತಿದೀಯ! ಇವರಿಗೇಂತ ತಾನೇ ಮುಂದುಗಡೆ ಜಾಗ ಬಿಟ್ಟಿದ್ದೆ?"

ಬಿಟ್ಟಿದ್ದು ನಿಜ. ತಾನೇ ಹೊಲಿದ ಆ ಬಿಳಿ ಟೋಪಿಯ ಸುತ್ತ ಹಿಂದಿನ ಕ್ಯಾಪ್ಟನ್‌ಗಳ ಸಹಿಗಳಿದ್ದವು. ಒಗೆದರೆ ಶಾಯಿ ಹೋದೀತೆಂದು ಒಂದೊಂದರ ಮೇಲೂ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದಳು. ಈ ಸಲ ಐದು ದಿನದ ಟೆಸ್ಟ್ ನೋಡಲೆಂದು ಐದೂ ದಿನ ಅಂಗಡಿಗೆ ಬೀಗ ಜಡಿದು ಬಂದರೆ, ಮೂರನೆಯ ದಿನವೇ ಆಟ ಮುಗಿದಿತ್ತು. ಗೆಲ್ಲುವ ಮಾತು ಹಾಗಿರಲಿ, ಕಚ್ಚಿಕೊಂಡು ನಿಂತಿದ್ದರೆ ಡ್ರಾ ಆದರೂ ಆಗುತ್ತಿತ್ತು. ಈ ಮಹಾರಾಯ ಬಂದವನೇ ಮೊದಲ ಚೆಂಡನ್ನು ಆಕಾಶಕ್ಕೆತ್ತಿ ಕ್ಯಾಚ್ ಕೊಟ್ಟ. ಹಿಂದೆ ಬಂದವರೂ ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಬೀಸಿ ಬೀಸಿ ಔಟಾದರು.

"ಸೋತಿದ್ದಕ್ಕೆ ಕೋಪಾನಾಮ್ಮಾ?" ಕ್ಯಾಪ್ಟನ್ ನಕ್ಕ. "ನಮ್ಮ ಆಟಾನೇ ಹೀಗೆ. ಹೊಡೀತೀವಿ, ಇಲ್ಲಾ ಔಟಾಗ್ತೀವಿ. ಜನಕ್ಕೂ ಅದೇ ಇಷ್ಟ."

"ನಾನೂ ಜನಾನೇ ಕಣಪ್ಪಾ. ಸೋತವರ ಸಹಿನೂ ಇದರಲ್ಲಿದೆ, ಅವರು ನಿಂತು ಸೋತರು. ನೀನು ಗೀಚೋಕೆ ಒಂದು ಗಳಿಗೆ ಸಾಕು. ಅದರ ಮೇಲೆ ಹೊಲಿಯೋಕೆ ನನಗೆ ಎರಡು ದಿನ ಬೇಕು. ಆ ಎರಡು ದಿನ ನೀನು ಆಡ್ಲೇ ಇಲ್ವಲ್ಲ!"

ಟೈಲರಮ್ಮ ಟೋಪಿಯನ್ನು ಒಮ್ಮೆ ಕೊಡವಿ, ಖಾಲಿ ಜಾಗ ಅವನಿಗೆ ಎದುರಾಗುವಂತೆ ತಲೆಗೆ ಹಾಕಿಕೊಂಡು, ತನ್ನ ಸೀಟಿನಲ್ಲಿ ಮತ್ತೆ ಕುಳಿತಳು.

"ನಾಳೆ, ನಾಳಿದ್ದು ಇಲ್ಲೇ ಇರ್ತೀನಿ. ಐದನೇ ದಿನ ಸಂಜೆ ಬಂದು ಹಾಕು."